ಒಲೆಯ ಬಾಯಿಗೆ ಕೂತ ಶೆಟ್ಟೆಪ್ಪ

"ನಿಮ್ಮ ಮಗಳು ನಿನ್ನಿ ನನಗ ಅಪ್ಪಾ ಅಂದ್ಲರಿ, ಮಾವಾ."

ಹೇಳಿದವನು ಸತ್ಯಪ್ಪ. ಹುಕ್ಕೇರಿ ಸಂತೆ ಮುಗಿಸಿ ಬೆಲ್ಲದ ಬಾಗೇವಾಡಿಗೆ ಹೊರಟವನು, ಬಂಡಿಯನ್ನು ದಾರಿಯ ಮೇಲೆಯೇ ನಿಲ್ಲಿಸಿ, ಹೊಲದ ಬದು ಹಿಡಿದು ಕಬ್ಬಿನ ಗಾಣದ ತನಕ ನಡೆದು ಬಂದಿದ್ದ. ಅವನ ಅಕ್ಕನ ಗಂಡ ಶೆಟ್ಟೆಪ್ಪ ಒಲೆಯ ಬಾಯಿಗೆ ಕುಕ್ಕರಗಾಲಲ್ಲಿ ಕೂತು, ಒಣಗಿದ ಕಬ್ಬಿನ ಸಿಪ್ಪೆಯನ್ನು ಹಿಡಿಹಿಡಿಯಾಗಿ ಉರಿಯೊಳಗೆ ತಳ್ಳುತ್ತಿದ್ದ. ಮೈಯೆಲ್ಲ ಬೂದಿ, ಮೀಸೆಯೂ ಬೂದಿ.

"ಕೇಳಿಸ್ತೇನ್ರಿ?"

"ಕೇಳಿಸ್ತು."

"ನಾ ಅಕಿಗೆ ಸೋದರಮಾವ. ಮಾವಾ ಅನ್ನಬೇ ಯವ್ವಾ ಅಂತ ಹೇಳಿಕೊಟ್ಟೆ. ತಿರುಗಿ ಅಪ್ಪಾ ಅಂದ್ಲು. ಮನಿಮಂದಿ ಎಲ್ಲಾ ನಕ್ಕರು. ನಮ್ಮವ್ವ ಒಬ್ಬಾಕಿ ನಗಲಿಲ್ಲ."

"ಆ ಕಡೆ ಸರದ ನಿಂದ್ರು ಸತ್ಯಪ್ಪ. ಹೊಗಿ ಮಾರಿಗೆ ಹೊಡೀತೈತಿ."

ಸತ್ಯಪ್ಪ ಸರಿಯಲಿಲ್ಲ. ತಲೆಯ ಮೇಲಿನ ರುಮಾಲು ತೆಗೆದು, ಕೊಡವಿ, ತಿರುಗಿ ಇಟ್ಟುಕೊಂಡ. ಹೇಳಬೇಕಾದ ಮಾತು ಇನ್ನೂ ಇತ್ತು; ಅದು ಅವನಿಗೂ ಹೇಳುವ ಮನಸ್ಸಿಲ್ಲದ ಮಾತು.

"ಅವ್ವ ಹೇಳಿ ಕಳಿಸ್ಯಾಳ್ರಿ. ಬರೂ ಸೋಮಾರ ನೀವು ಬಂದ್ರ ಛಲೋ. ಬರಲಿಲ್ಲಂದ್ರ, ಸ್ವಾಮ್ಯಾರನ್ನ ಕರಿಸಿ, ಐದು ಮಂದಿ ಹಿರ್ಯಾರ ಮುಂದ ಕೂಸಿನ್ನ ಸೊಸಿ ಉಡಿಯಾಗ ಹಾಕಿ ದತ್ತಕ ಕೊಟ್ಟಬಿಡ್ತೇನಿ ಅಂದಾಳ. ನಮಗೂ ಮಕ್ಕಳಿಲ್ಲ, ಖರೆ. ಆದ್ರ ನಿಮ್ಮ ಕೂಸಿನ್ನ ಕಸಗೋಬೇಕಂತ ನನಗ ಆಸೆ ಇಲ್ಲರಿ. ಎರಡ ಹರದಾರಿ ದಾರಿ. ಒಂದ ಸಲ ಬಂದ ಹೋಗಾಕ ನಿಮಗ ಏನ ಅಡ್ಡ ಬಂದೈತಿ?"

"ಗಾಣ ನಡದೈತಲ್ಲ."

"ಸೋಮಾರ ಯಾರ ಗಾಣ ನಡೀತೈತ್ರಿ?"

ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ, ಆ ದಿನ ಇಡೀ ಸೀಮೆಯ ಗಾಣಗಳೆಲ್ಲ ನಿಂತಿರುತ್ತವೆ. ಶೆಟ್ಟೆಪ್ಪ ಹೆಗಲ ಮೇಲಿನ ಅರಿವೆಯಿಂದ ಕಣ್ಣೊರೆಸಿಕೊಂಡು, "ಹಾಳಾದ ಹೊಗಿ," ಎಂದ. ಸತ್ಯಪ್ಪ "ಶರಣ್ರಿ, ಬರ್ತೇನಿ," ಎಂದು ಬಂಡಿಯ ಕಡೆ ನಡೆದ.

ಬೆಲ್ಲದ ಸೀಮೆಯವರಿಗೆ ಗೊತ್ತು, ಬೆಲ್ಲ ಮಾಡುವವರು ಬೇಕಾದಷ್ಟು ಮಂದಿ, ಪಾಕ ಬಲ್ಲವರು ಬೆರಳೆಣಿಕೆಯಷ್ಟು. ಶೆಟ್ಟೆಪ್ಪ ಬಲ್ಲವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸಪ್ಪಳ ಕೇಳಿಯೇ, ಇನ್ನೂ ಎಷ್ಟು ಹೊತ್ತು ಬೇಕೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ತಣ್ಣೀರಲ್ಲಿ ಬೆರಳದ್ದಿ, ಆ ಬೆರಳನ್ನೇ ಕುದಿಯುವ ಪಾಕದೊಳಗಿಟ್ಟು ತೆಗೆದು, ಉಂಡೆ ಕಟ್ಟಿ ನೋಡುತ್ತಿದ್ದ. ಅವನು ಇಳಿಸಿದ ಬೆಲ್ಲದ ಪೆಂಟಿ ಒಡೆದರೆ ಒಳಗೆಲ್ಲ ಬಂಗಾರದ ಹರಳು. ಕಬ್ಬು ಕಡಿಯುವ ಮೊದಲೇ ರೈತರು ಅವನ ಮನೆಗೆ ಎಲೆ ಅಡಿಕೆ ತಂದು ಕೂರುತ್ತಿದ್ದರು. ಅಂಥವನು ಕೊಪ್ಪರಿಗೆಯ ಮುಂದೆ ನಿಲ್ಲಬೇಕಾದವನೇ ಹೊರತು, ಕೆಳಗೆ ತಗ್ಗಿನಲ್ಲಿ ಒಲೆಯ ಬಾಯಿಗೆ ಕೂರಬೇಕಾದವನಲ್ಲ. ಅದು ಏನೂ ಬಾರದವನ ಕೆಲಸ.

ಆದರೆ ಆ ವರ್ಷ ಗಾಣ ಹೂಡಿದ ಮೊದಲ ದಿನವೇ ಅವನು ಪಾಕ ತಿರುವುವ ಹುಟ್ಟನ್ನು ತನ್ನ ಗೆಳೆಯ ದುಂಡಪ್ಪನ ಕೈಗೆ ಕೊಟ್ಟು, "ಮೊಣಕಾಲ ಹಿಡದಾವ, ನಿಂದ್ರಾಕ ಆಗವಲ್ದು. ನಾ ಉರಿ ಹಾಕ್ತೇನಿ, ನೀ ಪಾಕ ನೋಡು," ಎಂದುಬಿಟ್ಟಿದ್ದ. ದುಂಡಪ್ಪ ಎತ್ತು ಹೊಡೆಯುವುದರಲ್ಲಿ ಜಾಣ, ಮಾತಿನಲ್ಲಂತೂ ಅವನ ಮುಂದೆ ಯಾರೂ ಇಲ್ಲ. ಪಾಕ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಅಂಬಲಿ, ಒಂದು ದಿನ ಕಲ್ಲು. ಕಬ್ಬಿನ ಧಣಿ ಪರಪ್ಪ ತನ್ನ ಎತ್ತು ತಾನೇ ಹೊಡೆಯುತ್ತ ಗಾಣ ಸುತ್ತಿದಷ್ಟು ಹೊತ್ತೂ ಗೊಣಗುತ್ತಿದ್ದ.

ಮೊಣಕಾಲು ಹಿಡಿದದ್ದು ಸುಳ್ಳು. ಸಂಗತಿ ಬೇರೆ ಇತ್ತು.

ಹೋದ ವರ್ಷದ ಹಿಂದಿನ ವರ್ಷ ನವರಾತ್ರಿಯ ಹೊತ್ತಿಗೆ ಒಂದು ಜ್ವರ ಬಂತು. ಜನ ಅದಕ್ಕೆ ಮಾನಮೋಡಿ ಎಂದರು, ಕತ್ತು ಮುರಿಯುವುದು ಎಂದು. ಮುಂಜಾನೆ ಮಾತಾಡಿದವರು ಮರುದಿನ ಇರುತ್ತಿರಲಿಲ್ಲ. ಶೆಟ್ಟೆಪ್ಪ, ದುಂಡಪ್ಪ ಮತ್ತು ಗಾಣಕ್ಕೆ ಕಬ್ಬು ಕೊಡುವ ಕೇದಾರಿ, ಊರಲ್ಲಿ ಕಾಲ ಮೇಲೆ ನಿಂತ ಗಂಡಸರೆಂದರೆ ಈ ಮೂವರೇ ಎನ್ನುವ ಹಾಗಾಗಿತ್ತು. ಕುಣಿ ತೋಡುವುದು, ಮಣ್ಣು ಮಾಡುವುದು, ಬರುವುದರೊಳಗೆ ಇನ್ನೊಂದು ಮನೆಯಿಂದ ಕರೆ. ಶೆಟ್ಟೆಪ್ಪನ ಹೆಂಡತಿ ಚೊಚ್ಚಲ ಬಾಣಂತಿತನಕ್ಕೆ ಬಾಗೇವಾಡಿಯ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತೆಂದು ಒಂದು ಸುದ್ದಿ ಬಂತು. ಅದರ ಬೆನ್ನಿಗೇ ಇನ್ನೊಂದು. ಇವನು ಹೋದ, ಅವಳನ್ನು ಮಣ್ಣಿಗಿಟ್ಟ, ಕೈ ತೊಳೆದುಕೊಂಡು ತಿರುಗಿ ಬಂದ. ಊರಲ್ಲಿ ಇನ್ನೂ ಕುಣಿ ತೋಡುವುದಿತ್ತು. ಹಾಡಿಕೊಂಡು ಅಳಬೇಕಾದ ಹೆಂಗಸರೇ ಹಾಸಿಗೆ ಹಿಡಿದಿದ್ದರು. ಯಾರೂ ಅಳಲಿಲ್ಲ. ಅಳುವುದು ಹಾಗೇ ಉಳಿದುಹೋಯಿತು.

ಕೂಸಿಗೆ ತೊಟ್ಟಿಲಲ್ಲಿ ತಾಯಿಯ ಹೆಸರನ್ನೇ ಇಟ್ಟರು, ಶಿವಗಂಗವ್ವ ಎಂದು. ಸತ್ತವರ ಹೆಸರು ಮನೆಯಲ್ಲಿ ಉಳಿಯಲಿ ಎಂದು ಹಾಗೆ ಮಾಡುವುದು ರೂಢಿ. ಆದರೆ ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಕಡೆ ಇಲ್ಲ. ಶೆಟ್ಟೆಪ್ಪ ಆ ಹೆಸರನ್ನು ಜನ್ಮದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ್ದ, ಮದುವೆಯ ದಿನ ಹೊಸ್ತಿಲ ಮೇಲೆ ಹೆಂಗಸರು ಅಡ್ಡಗಟ್ಟಿ ಒಡಪು ಹಾಕಿ ಹೇಳಿಸಿದಾಗ. ಆಮೇಲೆಲ್ಲ "ಏ, ಕೇಳ್ತೈತೇನ" ಎಂಬುದರಲ್ಲೇ ಸಂಸಾರ ಸಾಗಿತ್ತು. ಈಗ ಮಗಳನ್ನು ಕರೆಯಬೇಕೆಂದರೆ ಅದೇ ಹೆಸರು. ಬಾಯಿ ಏಳಲೊಲ್ಲದು.

ಬಾಗೇವಾಡಿಯ ಸೀಮೆಯ ತನಕ ಎಷ್ಟೋ ಸಲ ಹೋಗಿದ್ದ. ಅಲ್ಲೊಂದು ಹಳೇ ಬಾವಿ. ಅದರ ಕಟ್ಟೆಯ ಮೇಲೆ ಕೂರುವುದು, ಒಂದು ಚಿಲುಮೆ ಸೇದುವುದು, ತಿರುಗಿ ಬರುವುದು. ಸಾವಾದ ಮೇಲೆ ಮೊದಲ ಸಲ ಮನೆಗೆ ಹೋದವನನ್ನು ಕಂಡರೆ ಹೆಂಗಸರು ಸುತ್ತ ಕೂತು, ಸತ್ತವಳ ಗುಣ ಒಂದೊಂದೇ ಎತ್ತಿ ಹಾಡಿಕೊಂಡು ಅಳುತ್ತಾರೆ. ಅವರು ಅತ್ತರೆ ಅದು ಮರ್ಯಾದೆ. ಗಂಡಸು, ಅದೂ ಅಳಿಯ, ಮಾವನ ಮನೆಯ ನಡುಮನೆಯಲ್ಲಿ ಬಾಯಿ ತೆರೆದು ಅತ್ತರೆ? ತಡೆದುಕೊಳ್ಳುವುದು ತನ್ನಿಂದಾಗದೆಂದು ಅವನಿಗೆ ಖಾತ್ರಿ ಗೊತ್ತಿತ್ತು.

ಜ್ವರದ ವರ್ಷ ಗಾಣ ಹೂಡುವವರೇ ಇರಲಿಲ್ಲ; ಈ ವರ್ಷ ಕೊಪ್ಪರಿಗೆಯ ಮುಂದೆಯೂ ಅದೇ ಫಜೀತಿ. ಕುದಿಯುವ ಹಾಲಿನ ಉಗಿ ಮುಖಕ್ಕೆ ಬಡಿದ ಕೂಡಲೇ ಕಣ್ಣು ತುಂಬಿತು. ಕೊಪ್ಪರಿಗೆಯಲ್ಲಿ ಕಣ್ಣೀರು ಬಿದ್ದರೆ ಪಾಕ ಒಡೆಯುತ್ತದೆ, ಆ ಬೆಲ್ಲ ಕಟ್ಟುವುದಿಲ್ಲ ಎಂದು ಹಿರಿಯರ ಕಾಲದ ಮಾತು. ಅದನ್ನು ಶೆಟ್ಟೆಪ್ಪ ಲಿಂಗದಷ್ಟೇ ನಂಬಿದ್ದ. ಅದಕ್ಕೇ ಹುಟ್ಟು ಕೊಟ್ಟು ಕೆಳಗೆ ಇಳಿದ. ಒಲೆಯ ಬಾಯಿಯಲ್ಲಿ ಯಾರ ಕಣ್ಣಾದರೂ ಸುರಿಯುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ. ದಿನಪೂರ್ತಿ ಅಳಬಹುದು, ಮೇಲೆ ಪಗಾರವೂ ಸಿಗುತ್ತದೆ.

ಸತ್ಯಪ್ಪನ ಬಂಡಿಯ ಗೆಜ್ಜೆಸಪ್ಪಳ ದೂರವಾಯಿತು. ಶೆಟ್ಟೆಪ್ಪ ತಲೆ ತಗ್ಗಿಸಿ ಕೂತಿದ್ದ. ಎಷ್ಟು ಹೊತ್ತಾಯಿತೋ, ಪಕ್ಕದಲ್ಲಿ ಧೊಪ್ಪೆಂದು ಯಾರೋ ಕೂತರು. ದುಂಡಪ್ಪ.

"ಅಬಬಬಾ, ಏನ ಹೊಗಿಪಾ ಇವತ್ತ!" ಎಂದ ದುಂಡಪ್ಪ, ಕಣ್ಣು ತಿಕ್ಕಿಕೊಳ್ಳುತ್ತ. "ಕಣ್ಣ ಕಿತ್ತ ಬರಾಕತ್ತಾವ."

"ಹೂಂ. ಭಾಳ ಐತಿ," ಎಂದು ಶೆಟ್ಟೆಪ್ಪ ತಲೆಯೆತ್ತಿದ.

ಹೊಗೆ ಇರಲಿಲ್ಲ. ಯಾವಾಗಲೋ ಗಾಳಿ ತಿರುಗಿತ್ತು. ಹೊಗೆಯೆಲ್ಲ ಅತ್ತ ಕಬ್ಬಿನ ಗದ್ದೆಯ ಕಡೆ ಸಾಗಿತ್ತು. ತಗ್ಗಿನ ಮೇಲೆ ಆಕಾಶ ತಿಳಿಯಾಗಿ ಕಾಣುತ್ತಿತ್ತು. ಶೆಟ್ಟೆಪ್ಪನ ಕೆನ್ನೆ ಮಾತ್ರ ಗಡ್ಡದ ತನಕ ತೊಯ್ದಿತ್ತು.

ಅವನು ಎದ್ದು ಹೋಗಲು ನೋಡಿದ. ದುಂಡಪ್ಪ ಅವನ ಮೊಣಕಾಲ ಮೇಲೆ, ಅದೇ ಹಿಡಿದುಕೊಂಡಿದೆ ಎಂದು ಹೇಳಿದ್ದ ಮೊಣಕಾಲ ಮೇಲೆ, ಕೈಯಿಟ್ಟು ಕೂರಿಸಿದ.

"ಕುಂದರ ದೋಸ್ತ. ಹೊಗಿ ಅಂದ್ನಲ್ಲ. ನಾ ಹೊಗಿ ಅಂದಮ್ಯಾಲ ಹೊಗೀನ."

"ಯಾವಾಗಿಂದ ಗೊತ್ತೈತಿ ನಿನಗ?"

"ಈಗ ಗೊತ್ತಾತು. ನಾ ಹುಚ್ಚಪ್ಯಾಲಿ, ಇಷ್ಟ ದಿನ ನಿನ್ನ ಮೊಣಕಾಲಿಗೆ ಎಣ್ಣಿ ತಿಕ್ಕಿದ್ದ ತಿಕ್ಕಿದ್ದ. ಎಳ್ಳೆಣ್ಣಿ ಎಷ್ಟ ತುಟ್ಟಿ ಆಗೈತಿ ಗೊತ್ತೇನ ನಿನಗ?"

ಶೆಟ್ಟೆಪ್ಪನಿಗೆ ನಗು ಬಂತು. ನಗುವಿನ ಬೆನ್ನಿಗೇ ಇನ್ನೊಂದು ಬಂತು. ಮುಖ ಮುಚ್ಚಿಕೊಂಡ.

"ನೋಡು," ಎಂದ ದುಂಡಪ್ಪ ದನಿ ತಗ್ಗಿಸಿ. ತಗ್ಗಿಸಿದರೂ ಅದು ಹೊಳೆಯ ಆಚೆ ದಂಡೆಗೆ ಕೇಳುವ ದನಿಯೇ. "ಯಾರಿಗೂ ಹೇಳದ್ದು ಹೇಳ್ತೇನಿ. ನಮ್ಮಣ್ಣನ ಕುಣಿ ನಾನ ತೋಡಿದೆ. ನೀನೂ ಇದ್ದಿ. ಗುದ್ದಲಿ ಕಾವು ಸಡಲ ಆಗಿತ್ತು. ನನ್ನ ಧ್ಯಾನ ಎಲ್ಲಾ ಆ ಕಾವಿನ ಮ್ಯಾಲ. ಅಣ್ಣ ಸತ್ತಾನ ಅನ್ನೂದು ತಲಿಯಾಗ ಇಳೀಲೇ ಇಲ್ಲ. ಮುಂದ ಕಾರಹುಣ್ಣಿವಿ ದಿನ ಎತ್ತಿನ ಕೊಂಬಿಗೆ ಬಣ್ಣ ಹಚ್ಚಾಕತ್ತಿದ್ದೆ. ಎತ್ತು ತಲಿ ಒಗೀತು. ಅಣ್ಣಾ, ಆಚೀ ಕೊಂಬ ಹಿಡಿಯೋ ಅಂದೆ. ಅಂದಬಿಟ್ಟೆ ನೋಡು. ಅಲ್ಲೇ ಗ್ವಾದಲಿ ಬಾಜೂ ಕುಂತ ಹೋ ಅಂತ ಅತ್ತೆ. ಹೆಂಡತಿ ಓಡಿ ಬಂದ್ಲು. ಏನಾತು ಅಂದ್ಲು. ಎತ್ತು ಒದೀತು ಅಂದೆ."

"ಮತ್ತ?"

"ಮತ್ತೇನ, ಬಾರಕೋಲ ತಗೊಂಡ ಎತ್ತಿಗೆ ಎರಡ ಬಾರಿಸಿದ್ಲು. ಪಾಪ, ಬಡ ಎತ್ತು. ಇಂದಿಗೂ ನನ್ನ ಮಾರಿ ನೋಡಂಗಿಲ್ಲ ಅದು."

ಮೇಲೆ ಗಾಣದ ಹತ್ತಿರ ಕಬ್ಬು ಕೊಡುತ್ತಿದ್ದ ಕೇದಾರಿ ಇವರಿಬ್ಬರನ್ನೂ ನೋಡುತ್ತಲೇ ಇದ್ದ. ಕಬ್ಬು ಕೆಳಗಿಟ್ಟು, ಕೈ ಒರೆಸಿಕೊಂಡು, ತಗ್ಗಿಗಿಳಿದು ಶೆಟ್ಟೆಪ್ಪನ ಇನ್ನೊಂದು ಪಕ್ಕದಲ್ಲಿ ಕೂತ. ಕೇದಾರಿ ತುಕ್ಕಾನಟ್ಟಿಯವನು, ಮಾತು ಕಡಿಮೆ. ಆಡಿದರೆ ಒಂದು, ಇಲ್ಲದಿದ್ದರೆ ಅದೂ ಇಲ್ಲ.

"ಹೊಗಿ," ಎಂದು ದುಂಡಪ್ಪ ಅವನಿಗೆ ವಿವರಿಸಿದ.

"ಕಾಣತೈತಿ," ಎಂದ ಕೇದಾರಿ. ಉರಿಗೆ ಒಂದು ಹಿಡಿ ಸಿಪ್ಪೆ ತಳ್ಳಿ, "ನಮ್ಮವ್ವ ಹೋದಾಗಿಂದ ನಾ ಇನ್ನೂ ಅತ್ತಿಲ್ಲ. ತುಕ್ಕಾನಟ್ಟಿಗೆ ಹೋದಾಗೆಲ್ಲಾ ಅಳಬೇಕಂತೇನಿ. ಬರಂಗಿಲ್ಲ."

"ಈಗ ಬರತೈತೇನ ನೋಡು."

"ಈಗೂ ಇಲ್ಲ. ನಿಮ್ಮ ಬಾಜೂ ಕುಂದರತೇನಿ, ಅಷ್ಟ."

"ಒಡ್ಡಿನ ನೀರ ಇದ್ದಂಗಪಾ ಇದು," ಎಂದು ದುಂಡಪ್ಪ ಶುರು ಮಾಡಿದ. "ಧುಪದಾಳದಾಗ ನೋಡು, ಹೊಳಿಗೆ ಒಡ್ಡ ಹಾಕ್ಯಾರ, ಆದ್ರ ಕಾಲಿವಿಗೆ ಬಾಗಲಾನೂ ಇಟ್ಟಾರ…"

"ಧುಪದಾಳ ಇಲ್ಲಿಗೆ ತರಬ್ಯಾಡ," ಎಂದ ಕೇದಾರಿ. "ಅಂವ ಮಾತಾಡ್ಲಿ."

ಹಾಗೆ ಶೆಟ್ಟೆಪ್ಪ ಮಾತಾಡಿದ. ಸತ್ಯಪ್ಪ ಹೇಳಿದ್ದು, ಸೋಮವಾರದ ಮಾತು, ಬಾವಿಯ ಕಟ್ಟೆ, ಕೂಸಿನ ಹೆಸರು, ಎಲ್ಲ ಹಿಂದುಮುಂದಾಗಿ ಬಂತು. "ಅಲ್ಲಿ ಹೋಗಿ ಅತ್ತಬಿಡ್ತೇನ್ರೋ. ಹೆಂಗಸೂರ ಮುಂದ. ಅಳಿಯಾ ಅಂತ ಮಣಿ ಹಾಕಿ ಕುಂದರಸ್ತಾರ, ನಾ ಅಲ್ಲಿ ಕೂಸಿನಂಗ…" ಎಂದವನು ತಟ್ಟನೆ ನಿಲ್ಲಿಸಿ ಮೂಗೆತ್ತಿದ.

ವಾಸನೆ. ಪಾಕ ಹದ ದಾಟಿ ಸೀಯುವುದಕ್ಕೆ ಮೊದಲು ಒಂದು ಗಳಿಗೆ ಬರುವ ವಾಸನೆ.

"ದುಂಡ್ಯಾ! ಕೊಪ್ಪರಿಗಿ ಮುಂದ ಯಾರ ಅದಾರ?"

"ನಾನ," ಎಂದ ದುಂಡಪ್ಪ. ಆಮೇಲೆ ತಾನು ಕೂತ ಜಾಗ ನೋಡಿಕೊಂಡು, "ಅಯ್ಯೋ ಶಿವನ!" ಎಂದ.

ಶೆಟ್ಟೆಪ್ಪ ಒಂದೇ ನೆಗೆತಕ್ಕೆ ಮೇಲೆ ಹತ್ತಿದ. ಮೊಣಕಾಲಿನ ಸುಳ್ಳು ಅಲ್ಲಿಗೆ ಮುಗಿಯಿತು. "ಉರಿ ಎಳೀರಿ! ಎಲ್ಲಾ ಹೊರಗ ಎಳೀರಿ!" ಎಂದು ಕೂಗುತ್ತ ಹುಟ್ಟು ಹಿಡಿದು ತಳದಿಂದ ಎತ್ತೆತ್ತಿ ತಿರುವಿದ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೂಗಿನ ತುದಿಯಲ್ಲಿ ನಿಂತಿದ್ದ ಹನಿ ಪಾಕದೊಳಗೆ ಬಿತ್ತು. ಅದರ ಹಿಂದೆ ಇನ್ನೊಂದು.

ಕೆಳಗಿನಿಂದ ದುಂಡಪ್ಪನೂ ಕೇದಾರಿಯೂ ಕತ್ತೆತ್ತಿ ನೋಡುತ್ತಿದ್ದರು. "ಬಿತ್ತು," ಎಂದ ದುಂಡಪ್ಪ ಮೆಲ್ಲಗೆ.

ಮೂವರೂ ಸೇರಿ ಕೊಪ್ಪರಿಗೆ ಇಳಿಸಿ, ಪಾಕವನ್ನು ಅಗಲ ತೊಟ್ಟಿಗೆ ಸುರಿದರು. ಶೆಟ್ಟೆಪ್ಪ ಹುಟ್ಟು ಹಿಡಿದೇ ನಿಂತಿದ್ದ, ಕೋರ್ಟಿನಲ್ಲಿ ನಿಂತವನ ಹಾಗೆ. ತಣ್ಣಗಾಗುತ್ತ ಅಂಚಿನಿಂದ ಬಣ್ಣ ತಿರುಗಿತು; ಬೆರಳಿಟ್ಟರೆ ಒತ್ತಲೊಲ್ಲದು. ಬೆಲ್ಲ ಕಟ್ಟಿತ್ತು. ಎತ್ತು ನಿಲ್ಲಿಸಿ ಬಂದ ಪರಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಇದಪಾ ಶೆಟ್ಟೆಪ್ಪನ ಬೆಲ್ಲ. ಎಷ್ಟ ದಿನಾತು ತಿಂದು," ಎಂದ.

"ಉಪ್ಪ ಹತ್ತೇತೇನ್ರಿ ಧಣ್ಯಾರ?" ಎಂದು ದುಂಡಪ್ಪ ಬಹಳ ಕಾಳಜಿಯಿಂದ ಕೇಳಿದ.

"ಬೆಲ್ಲಕ್ಕ ಉಪ್ಪ ಯಾಕ ಹತ್ತತೈತಿ, ಹುಚ್ಚ? ಗಾಣದಾಗ ಎತ್ತ ನಿಂತಾವ, ಕಬ್ಬ ಕೊಡಾವ ಇಲ್ಲ. ಏನ ನಡಿಸೀರಿ ತಗ್ಗಿನ್ಯಾಗ?"

"ಹೊಗೀರಿ," ಎಂದ ಕೇದಾರಿ.

ಸೋಮವಾರ ಮುಂಜಾನೆ ಮೂವರೂ ಮಿಂದು, ಒಗೆದ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಟರು. ಎತ್ತಿಗೆ ರಜೆ, ಆದ್ದರಿಂದ ನಡಿಗೆ. ದಾರಿಯುದ್ದಕ್ಕೂ ದುಂಡಪ್ಪ ತನ್ನ ಹೂಟ ಹೇಳಿಕೊಂಡೇ ಬಂದ.

"ಹೊಸ್ತಿಲಾ ದಾಟಿದ ಕೂಡ್ಲೇ ನಾ ಶುರು ಮಾಡ್ತೇನಿ. ಹೋ ಅಂತ. ನನ್ನ ದನಿ ನಿಮಗ ಗೊತ್ತೈತಿ. ಮಂದಿ ಎಲ್ಲಾ ನನ್ನ ನೋಡ್ತಾರ. ಆವಾಗ ನೀ ನನ್ನ ಹಿಂದ ಕುಂತ ಎಷ್ಟ ಬೇಕ ಅಷ್ಟ ಅಳು. ಯಾರಿಗೂ ಕಾಣಂಗಿಲ್ಲ. ಹೆಂಗೈತಿ?"

"ನೀ ಏನಂತ ಅಳ್ತಿ?"

"ತಂಗೀ ಅಂತೇನಿ. ಎಂಥಾ ರೊಟ್ಟಿ ಮಾಡ್ತಿದ್ದಿ ಅಂತೇನಿ."

"ಅಕಿ ರೊಟ್ಟಿ ಹೊತ್ತಸ್ತಿದ್ಲು," ಎಂದ ಶೆಟ್ಟೆಪ್ಪ. ಹೆಂಡತಿಯ ಮಾತು ಅವನ ಬಾಯಿಂದ ಇಷ್ಟು ಸರಾಗವಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು. "ಒಂದ ಮಗ್ಗಲ ಯಾವಾಗಲೂ ಕರೀದ. ಕೇಳಿದ್ರ, ಕರೀ ಮಗ್ಗಲ ಕೆಳಗ ಮಾಡ್ಕೊಂಡ ತಿನ್ರಿ ಅಂತಿದ್ಲು."

"ಹಂಗಾದ್ರ ಅದನ ಹೇಳಿ ಅಳ್ತೇನಿ," ಎಂದ ದುಂಡಪ್ಪ.

ಸೀಮೆಯ ಬಾವಿ ಬಂತು. ಶೆಟ್ಟೆಪ್ಪನ ಕಾಲು ತಾವಾಗಿಯೇ ಕಟ್ಟೆಯ ಕಡೆ ತಿರುಗಿದವು. ಗೆಳೆಯರು ಎಳೆಯಲಿಲ್ಲ, ನೂಕಲಿಲ್ಲ. ಅವನ ಜೊತೆಗೆ ತಾವೂ ಕೂತರು. ಕೇದಾರಿ ಚಿಲುಮೆ ತುಂಬಿದ. ಅದು ಮೂರು ಕೈ ಸುತ್ತಿ ಬಂದು ಆರಿತು. ಯಾರೂ "ಏಳು" ಎನ್ನಲಿಲ್ಲ. ಕಡೆಗೆ ಶೆಟ್ಟೆಪ್ಪನೇ, "ನಡೀರಿ, ಬಿಸಲ ಆಗತೈತಿ," ಎಂದ.

ಮಾವನ ಮನೆಯಲ್ಲಿ ಲೆಕ್ಕ ಹಾಕಿದಂತೆ ಯಾವುದೂ ನಡೆಯಲಿಲ್ಲ. ಅತ್ತೆ ಲಗಮವ್ವ ಬಾಗಿಲಲ್ಲಿ ಕಾದಿದ್ದಳು. ತಲೆಯ ಮೇಲಿನ ಸೆರಗು ಮುಂದೆಳೆದುಕೊಂಡು ಅಳಿಯನನ್ನು ನೋಡಿದಳು. ಹಾಡಿಕೊಂಡು ಅಳಲಿಲ್ಲ, ಬಯ್ಯಲೂ ಇಲ್ಲ. "ಬರ್ರಿ. ಕಾಲಿಗೆ ನೀರ ತಗೋರಿ. ಹಸದ ಬಂದೀರಿ," ಎಂದು ಒಳಗೆ ನಡೆದಳು. ಬಾಯಿ ತೆರೆಯಲು ಸಿದ್ಧನಾಗಿ ನಿಂತಿದ್ದ ದುಂಡಪ್ಪ ಪೆಚ್ಚಾಗಿ ಶೆಟ್ಟೆಪ್ಪನ ಮುಖ ನೋಡಿದ. ಊಟಕ್ಕೆ ಕರೆದವರ ಮುಂದೆ ಹೋ ಎಂದು ಅಳುವುದು ಹೇಗೆ?

ಮೂವರೂ ಗೋಡೆಗೆ ಬೆನ್ನು ಹಚ್ಚಿ ಕೂತರು. ಅಡಿಗೆಮನೆಯ ಬಾಗಿಲಲ್ಲಿ ಸತ್ಯಪ್ಪನ ಹೆಂಡತಿ ಇಂದ್ರವ್ವ ಕಂಕುಳಲ್ಲಿ ಕೂಸನ್ನು ಅವಚಿಕೊಂಡು ನಿಂತಿದ್ದಳು. ಶೆಟ್ಟೆಪ್ಪ ಕಣ್ಣೆತ್ತಿ ಒಮ್ಮೆ ನೋಡಿ, ತಟ್ಟನೆ ನೆಲ ನೋಡಿದ. ಹಣೆ ಅದೇ, ಹುಬ್ಬೂ ಅದೇ.

ಲಗಮವ್ವ ಗಂಗಾಳ ತಂದಳು. ಬಡಿಸುವ ಮೊದಲು ಪ್ರತಿ ಗಂಗಾಳವನ್ನೂ ಸೆರಗಿನ ತುದಿಯಿಂದ ಒರೆಸಿ ಒರೆಸಿ ಇಟ್ಟಳು. ಕೇದಾರಿಯ ಮುಂದೆ ಇಡುತ್ತ, "ಉಣ್ಣ ನನ್ನಪ್ಪಾ, ಭಾಳ ಸೊರಗೀದಿ," ಎಂದಳು.

ಕೇದಾರಿ ರೊಟ್ಟಿ ಮುರಿದ. ಮುರಿದ ತುಂಡು ಬಾಯಿಗೆ ಹೋಗಲಿಲ್ಲ. ಅವನ ಭುಜ ಅಲುಗಿತು. ಗಂಟಲಿನಿಂದ ಒಂದು ದನಿ ಬಂತು, ಕರು ಒದರಿದಂತೆ. ಸೆರಗಿನಿಂದ ಗಂಗಾಳ ಒರೆಸಿ ಇಡುವ ಕೈ ತುಕ್ಕಾನಟ್ಟಿಯಲ್ಲಿ ಒಂದಿತ್ತು, ಈಗ ಇರಲಿಲ್ಲ. ಅದು ಅವನಿಗೆ ಇಲ್ಲಿ, ಗುರುತಿಲ್ಲದವರ ಮನೆಯಲ್ಲಿ, ತಿಳಿಯಿತು. "ಯವ್ವಾ," ಎಂದ. ಮಾತು ಕಡಿಮೆಯ ಕೇದಾರಿ ಅದೊಂದನ್ನೇ ಮತ್ತೆ ಮತ್ತೆ ಅಂದ.

ದುಂಡಪ್ಪ ಕಕ್ಕಾಬಿಕ್ಕಿ. ಅಳಬೇಕಾದವನು ತಾನು, ಮುಚ್ಚಬೇಕಾದದ್ದು ಶೆಟ್ಟೆಪ್ಪನನ್ನು. ನಡುವೆ ಇವನೆಲ್ಲಿಂದ ಬಂದ? ಶೆಟ್ಟೆಪ್ಪ ಮಾತ್ರ ತಡ ಮಾಡಲಿಲ್ಲ. ಗಂಗಾಳ ಸರಿಸಿ, ಕೇದಾರಿಯನ್ನು ತೆಕ್ಕೆಗೆ ಹಿಡಿದು, ಬೆನ್ನ ಮೇಲೆ ಕೈಯಾಡಿಸಿದ. "ಅಳು, ಅಳು. ನಾ ಅದೇನಿ. ಅಳು." ಹೇಳುತ್ತ ಹೇಳುತ್ತ ತಾನೂ ಅಳುತ್ತಿದ್ದ. ಹೊಗೆಯಿಲ್ಲ, ಮುಚ್ಚಿಕೊಳ್ಳಲು ಅರಿವೆಯಿಲ್ಲ, ನಡುಮನೆಯಲ್ಲಿ, ಹಗಲಿನಲ್ಲಿ. ದುಂಡಪ್ಪ ಅತ್ತಿತ್ತ ನೋಡಿ, ಇಬ್ಬರನ್ನೂ ಸೇರಿಸಿ ತಬ್ಬಿಕೊಂಡು, ಯಾವ ಹೂಟವೂ ಇಲ್ಲದೆ, "ಅಣ್ಣಾ" ಎಂದು ಬಿಕ್ಕಿದ.

ಹಿತ್ತಲಿನಿಂದ ಬಂದ ಸತ್ಯಪ್ಪ ಬಾಗಿಲಲ್ಲೇ ನಿಂತ. ಲಗಮವ್ವ ನೀರಿನ ಚರಿಗೆ ಹಿಡಿದು, "ಅತ್ತ ಬಿಡ್ರಿ. ನನಗೂ ಆವಾಗ ಅಳಾಕ ಮೈಯಾಗ ಕಸುವು ಇರಲಿಲ್ಲ," ಎಂದು ಅವರ ಎದುರಿಗೆ ಕೂತಳು.

ದನಿ ಕೇಳಿ ಕೂಸು ಅತ್ತು ಕೊಸರಾಡಿತು. ಇಂದ್ರವ್ವ ಅದನ್ನು ಕೆಳಗಿಳಿಸಿದಳು. ಇಳಿಸಿದ ಕೈ ಬೇಗ ಬಿಡಲಿಲ್ಲ. ಕೂಸು ಎರಡು ಹೆಜ್ಜೆ ಇಟ್ಟು, ನಡುಮನೆಯ ನಡುವೆ ನಿಂತು, ಈ ಮೂರು ಮಂದಿ ದೊಡ್ಡ ಗಂಡಸರನ್ನು ನೋಡಿತು. ಕರೆಯಬೇಕು. ಶೆಟ್ಟೆಪ್ಪನ ತುಟಿ ಆಡಿದವು, ದನಿ ಬರಲಿಲ್ಲ.

"ಕರಿಯೋ," ಎಂದ ದುಂಡಪ್ಪ ಮೂಗು ಒರೆಸಿಕೊಳ್ಳುತ್ತ. "ನಾವ ಇದ್ದೇವಲ್ಲ."

"ಶಿವಗಂಗವ್ವಾ," ಎಂದ ಶೆಟ್ಟೆಪ್ಪ.

ಲಗಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಮತ್ತೊಮ್ಮೆ ಕರೆದ. ಈ ಸಲ ಸ್ವಲ್ಪ ಸಲೀಸಾಗಿ ಬಂತು. ಕೂಸು ಬರಲಿಲ್ಲ. ಓಡಿ ಹೋಗಿ ಇಂದ್ರವ್ವನ ಸೀರೆಯ ನಿರಿಗೆಯಲ್ಲಿ ಮುಖ ಹುದುಗಿಸಿ, ಒಂದು ಕಣ್ಣಿನಿಂದ ಇಣುಕಿತು. ಇಂದ್ರವ್ವ ಒಂದು ಕೈಯಿಂದ ಅದರ ತಲೆಯನ್ನು ಮೈಗೆ ಒತ್ತಿ ಹಿಡಿದಳು. ಶೆಟ್ಟೆಪ್ಪ ಆ ಕೈಯನ್ನು ನೋಡಿದ.

ಊಟವಾಯಿತು. ಎಲೆ ಅಡಿಕೆ ಬಂತು. ಲಗಮವ್ವ ಕೇಳಬೇಕಾದದ್ದನ್ನು ಕೇಳಿದಳು.

"ಕೂಸಿನ್ನ ಒಯ್ತೀರೇನ್ರಿ ಹಂಗಾದ್ರ?"

ಇಂದ್ರವ್ವ ಅಡಿಗೆಮನೆಯೊಳಗೆ ಸರಿದಳು. ಪಾತ್ರೆಯ ಸಪ್ಪಳ ನಿಂತಿತು.

"ಇಲ್ಲರಿ ಅತ್ತೀ. ಅಕಿ ತಾಯಿ ಒಳಗ ನಿಂತಾಳಲ್ಲ. ಅವಳಿಂದ ಹೆಂಗ ಕಸಗೊಂಡ ಹೋಗ್ಲಿ? ಉಡಿಯಾಗ ಹಾಕಬ್ಯಾಡ್ರಿ, ಹಂಗ ಬೆಳೀಲಿ, ಇಲ್ಲೇ. ಸತ್ಯಪ್ಪಗೂ ಅಪ್ಪಾ ಅನ್ಲಿ, ಏನ ಕಡಿಮಿ ಆಗತೈತಿ? ನಾ ಸೋಮಾರಕ್ಕೊಮ್ಮೆ ಬರ್ತೇನಿ. ಗುರ್ತ ಹಿಡೀಲಿ. ದೊಡ್ಡಾಕಿ ಆದಮ್ಯಾಲ ಎಲ್ಲಿ ಬೇಕಾದ್ರೂ ಇರ್ಲಿ."

"ಸೋಮಾರಕ್ಕೊಮ್ಮೆ ಖರೇ ಬರ್ತೀರಿ?"

"ಬರ್ತಾನ್ರಿ," ಎಂದ ದುಂಡಪ್ಪ. "ಬರಲಿಲ್ಲಂದ್ರ ನಾವಿಬ್ರೂ ಹೊತ್ಕೊಂಡ ಬರ್ತೇವಿ. ಅಂವನ ಮೊಣಕಾಲ ಭಾಳ ಛಲೋ ಅದಾವ್ರಿ ಈಗ."

"ನಿಮ್ಮ ಮೂರೂ ಮಂದಿಗೆ ರೊಟ್ಟಿ ಮಾಡಿ ಇಟ್ಟಿರ್ತೇನಿ," ಎಂದಳು ಲಗಮವ್ವ.

ಹೊರಡುವ ಹೊತ್ತಾಗಿತ್ತು. ಶೆಟ್ಟೆಪ್ಪ ಎದ್ದೇಳಲಿಲ್ಲ, ಅತ್ತು ದಣಿದವನು ಗೋಡೆಗೊರಗಿ ಹಾಗೇ ಕೂತಿದ್ದ. ಅಡಿಗೆಮನೆಯಿಂದ ಹೊರಬಂದ ಇಂದ್ರವ್ವ ಕೂಸಿನ ಬೆನ್ನು ಮೆಲ್ಲಗೆ ಮುಂದಕ್ಕೆ ತಟ್ಟಿದಳು. ಅದು ಗೋಡೆ ಹಿಡಿದು ಹಿಡಿದು ಬಂತು. ಅವನ ಎದೆಯ ಮೇಲೆ ಶಿವದಾರಕ್ಕೆ ತೂಗುತ್ತಿದ್ದ ಬೆಳ್ಳಿಯ ಕರಡಿಗೆ ಹೊಳೆಯುತ್ತಿತ್ತು. ಕೂಸು ಅದನ್ನು ಎರಡೂ ಕೈಯಿಂದ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡಿತು. ಲಿಂಗದ ಕರಡಿಗೆ ಎಂಜಲಾಯಿತಲ್ಲ ಎಂದು ಲಗಮವ್ವ ಗಾಬರಿಯಿಂದ ಕೈ ಚಾಚಿದಳು. ಶೆಟ್ಟೆಪ್ಪ ಕೂಸಿಗೆ ಶಿವದಾರ ಸಾಲದೆ ಹೋಗಬಾರದೆಂದು ಕತ್ತು ಬಾಗಿಸಿ ಕೂತ.